ಗುಲ್ಜಾರಬಿ ಹಚ್ಚಿದ ಪಾಳಿ

ಸಾಲಿನಲ್ಲಿ ನಿಲ್ಲುವುದನ್ನು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರುಗಳು. ಗಿಡ್ಡವರು ಮುಂದೆ, ಎತ್ತರದವರು ಹಿಂದೆ, ತುಟಿಯ ಮೇಲೆ ಬೆರಳು. ಆ ವಿದ್ಯೆ ಮುಂದೆ ಗ್ಯಾಸ್ ಏಜೆನ್ಸಿಯಲ್ಲೂ ರೈಲ್ವೆ ಟಿಕೆಟಿನ ಕಿಂಡಿಯಲ್ಲೂ ಉಪಯೋಗಕ್ಕೆ ಬಂತು, ಸುಳ್ಳು ಹೇಳಬಾರದು. ಆದರೆ ಯಾರ ಹಿಂದೆ ಯಾರು ನಿಂತರೆ ಯಾರ ಹೊಟ್ಟೆಗೆ ಏನು ಸೇರುತ್ತದೆ ಎಂಬ ಲೆಕ್ಕವೂ ಸಾಲಿನೊಳಗೆ ಇರುತ್ತದೆಂದು ನನಗೆ ಗೊತ್ತಾದದ್ದು ಬೈರಿದೇವರಕೊಪ್ಪದ ಗುಲ್ಜಾರಬಿಯವರ ಹಿಟ್ಟಿನ ಗಿರಣಿಯಲ್ಲಿ. ನಮ್ಮ ಕಡೆ ಅದಕ್ಕೆ ಸಾಲು ಅನ್ನುವುದಿಲ್ಲ, ಪಾಳಿ ಅನ್ನುತ್ತಾರೆ. ಪಾಳಿಗೂ ಪಾಲಿಗೂ ನಡುವೆ ಇರುವುದು ಒಂದೇ ಅಕ್ಷರ. ಆ ಅಕ್ಷರದ ಮೇಲೆ ಗುಲ್ಜಾರಬಿ ಬಹಳ ವರ್ಷ ಕೈ ಇಟ್ಟು ಕೂತಿದ್ದರು.

ಗಿರಣಿ ಹಾಕಿದವರು ಅವರ ಗಂಡ ಮಲ್ಲಿಕಸಾಬರು. ಹಳೇ ಊರಿನ ಓಣಿ ಮುಗಿದು ನಮ್ಮಂಥವರ ಹೊಸ ಲೇಔಟು ಶುರುವಾಗುವ ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಕಲ್ಲಿನ ಗಿರಣಿ. ತೊಂಬತ್ಮೂರರ ಮಳೆಗಾಲದಲ್ಲಿ ಮಲ್ಲಿಕಸಾಬರು ಜ್ವರದಿಂದ ತೀರಿಕೊಂಡರು. ಮಗ ಶಾನವಾಜ ಆಗಷ್ಟೇ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಪಾನಾ ಹಿಡಿಯಲು ಕಲಿಯುತ್ತಿದ್ದ. ಗಿರಣಿ ಮಾರಿಬಿಡು, ಹೆಂಗಸರ ಕೆಲಸವಲ್ಲ ಎಂದು ನೆಂಟರು ಬುದ್ಧಿ ಹೇಳಿದರು. ಗುಲ್ಜಾರಬಿ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದರು. ಗಂಡ ತೀರಿದ ಹೆಂಗಸು ಹೊರಗೆ ಬಾರದೆ ಕಳೆಯಬೇಕಾದ ಇದ್ದತ್ತಿನ ದಿನಗಳನ್ನು ಮನೆಯೊಳಗೆ ಕಳೆದು, ಅದು ಮುಗಿದ ಮರುದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಗಿಸಿ, ಪಟ್ಟಾ ಏರಿಸಿ, ಮೋಟರಿನ ಗುಂಡಿ ಒತ್ತಿದರು.

ಕಲ್ಲಿನ ಹಲ್ಲು ಸವೆದಾಗ ಉಳಿ, ಸುತ್ತಿಗೆ ಹಿಡಿದು ಮತ್ತೆ ಹಲ್ಲು ಮೂಡಿಸುವುದಕ್ಕೆ ಟಾಕಿ ಹಾಕುವುದು ಅನ್ನುತ್ತಾರೆ. ಅದನ್ನೂ ಅವರೇ ಹಾಕತೊಡಗಿದರು. ಮೊದಲ ಸಲ ಅವರು ಟಾಕಿ ಹಾಕಲು ಕೂತಾಗ ನೋಡಲು ನೆರೆದ ಮಂದಿ ಟಾಕೀಸಿಗೂ ನೆರೆದಿರಲಿಕ್ಕಿಲ್ಲ. ಎರಡನೆಯ ಸಲ ಯಾರೂ ಬರಲಿಲ್ಲ. ಊರು ಒಪ್ಪಿಕೊಂಡಿತು ಅಂತ ತಿಳಿಯುವುದು ಹೀಗೆ.

ಇನ್ನು ಪಾಳಿಯ ಮಾತು. ಹಿಟ್ಟು ಪಾಕೀಟಿನಲ್ಲಿ ಹುಟ್ಟುತ್ತದೆ ಎಂದು ತಿಳಿದಿರುವ ಈಗಿನ ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಲಿನ ಗಿರಣಿಗೆ ಮೇಲಿನಿಂದ ಕಾಳು ಸುರಿದರೆ ಕೆಳಗೆ ಬಟ್ಟೆಯ ತೋಳಿನಿಂದ ಹಿಟ್ಟು ನಿಮ್ಮ ಡಬ್ಬಿಗೆ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ. ಎರಡು ಕಲ್ಲುಗಳ ನಡುವೆ, ಸುತ್ತಲಿನ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಬಟ್ಟೆಯ ಮಡಿಕೆಯಲ್ಲಿ ಒಂದೆರಡು ಬೊಗಸೆ ಉಳಿದೇ ಉಳಿಯುತ್ತದೆ. ಅದು ಪಾಳಿಯಲ್ಲಿ ನಿಮ್ಮ ಹಿಂದೆ ನಿಂತವರ ಡಬ್ಬಿಗೆ ಹೋಗುತ್ತದೆ. ನಿಮ್ಮ ಡಬ್ಬಿಗೆ ಬಂದ ಮೊದಲ ಬೊಗಸೆ ನಿಮ್ಮ ಮುಂದಿನವರದು. ಅಂದರೆ ಗಿರಣಿಗೆ ಹೋಗುವ ಪ್ರತಿಯೊಬ್ಬರೂ ಒಂದಿಷ್ಟು ಕೊಟ್ಟು ಒಂದಿಷ್ಟು ಪಡೆದು ಬರುತ್ತಾರೆ, ಇಬ್ಬರ ಪರಿಚಯವೂ ಇಲ್ಲದೆ.

ಆದ್ದರಿಂದ ಜಗಳ. ಜೋಳದ ಹಿಂದೆ ಗೋಧಿ ಬಿದ್ದರೆ ಚಪಾತಿ ಹರಿಯುತ್ತದೆ. ಉದ್ದಿನ ಹಿಂದೆ ಬಿಳಿಜೋಳ ಬಿದ್ದರೆ ರೊಟ್ಟಿ ಬಡಿಯುವವರ ಕೈಗೆ ಹಿಟ್ಟು ಅಂಟುತ್ತದೆ. ಕಡಲೆಯ ಹಿಂದೆ ನಿಲ್ಲಲು ಯಾರಿಗೂ ಮನಸ್ಸಿಲ್ಲ. ಹೀಗಾಗಿ ಗುಲ್ಜಾರಬಿಯವರ ಗಿರಣಿಯಲ್ಲಿ ಬಂದವರು ಬಂದ ಹಾಗೆ ನಿಲ್ಲುವಂತಿರಲಿಲ್ಲ. ಡಬ್ಬಿ ಇಟ್ಟು ಪಕ್ಕದ ಕಟ್ಟೆಯ ಮೇಲೆ ಕೂರಬೇಕು. ಅವರು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು, ಕೈಯಾಡಿಸಿ, ನೆಲದ ಮೇಲೆ ಹಿಂದೆ ಮುಂದೆ ಸರಿಸಿ ಪಾಳಿ ಹಚ್ಚುತ್ತಿದ್ದರು. ಮೈಯೆಲ್ಲ ಹಿಟ್ಟು ಮೆತ್ತಿ ಹುಬ್ಬೂ ಬೆಳ್ಳಗಾದ ಆ ಹೆಂಗಸು ಡಬ್ಬಿಗಳ ನಡುವೆ ಕೂತಿರುವಾಗ ಚದುರಂಗದ ಬಿಳಿ ರಾಣಿಯ ಹಾಗೆ ಕಾಣುತ್ತಿದ್ದರು. ಎದುರಿಗೆ ಕರಿ ಕಾಯಿಗಳು ಇರಲಿಲ್ಲ. ಅದೊಂದೇ ವ್ಯತ್ಯಾಸ.

ರವಿವಾರ ಪಾಳಿ ಉದ್ದ. ಅಮರಗೋಳದ ಎಪಿಎಂಸಿ ಯಾರ್ಡಿಗೆ ಆ ದಿನ ಸೂಟಿ, ಹೀಗಾಗಿ ಸಾವಕ್ಕ ಬರುತ್ತಿದ್ದರು. ಸಾವಕ್ಕನ ಕೆಲಸ ಯಾರ್ಡಿನಲ್ಲಿ ಕಸ ಹೊಡೆಯುವುದು. ಲಾರಿಯಿಂದ ಚೀಲ ಇಳಿಸುವಾಗ, ಕಾಳು ತೂಗುವಾಗ ನೆಲಕ್ಕೆ ಉದುರಿದ್ದನ್ನು ಬಳಿದುಕೊಂಡು ಹೋಗಲು ಅಲ್ಲಿನ ಅಡತಿ ವ್ಯಾಪಾರಿಗಳು ಬಿಡುತ್ತಿದ್ದರು. ಜೋಳ, ಗೋಧಿ, ಗೋವಿನಜೋಳ ಎಲ್ಲ ಕಲೆತ ಕಾಳು. ಅದರೊಳಗೆ ಧಾರಾಳವಾಗಿ ಕಲ್ಲಿನ ಹರಳು. ಶ್ರೀಮಂತರು ಹರಳನ್ನು ಉಂಗುರದಲ್ಲಿ ಇಟ್ಟುಕೊಳ್ಳುತ್ತಾರೆ, ಸಾವಕ್ಕನಿಗೆ ಅದು ರೊಟ್ಟಿಯಲ್ಲಿ ಸಿಗುತ್ತಿತ್ತು. ಗಂಡ ಇಲ್ಲ, ಮಗಳು ಹೆರಿಗೆಯಲ್ಲಿ ಹೋದಳು, ಉಳಿದದ್ದು ಮೊಮ್ಮಗಳು ದುರ್ಗಾ. ಅಂಗನವಾಡಿಯಲ್ಲಿ ತೂಗಿದಾಗಲೆಲ್ಲ ಆ ಕೂಸಿನ ತೂಕ ಇರಬೇಕಾದದ್ದಕ್ಕಿಂತ ಕಡಿಮೆಯೇ ಇರುತ್ತಿತ್ತು. ಬೇಳೆ, ಕಾಳು ತಿನ್ನಿಸಿರಿ ಎಂದು ಅಂಗನವಾಡಿ ನಡೆಸುವ ಬಾಯಿಯವರು ಪ್ರತಿ ತಿಂಗಳೂ ಹೇಳುತ್ತಿದ್ದರು. ಬೇಳೆ ಎಷ್ಟು ತುಟ್ಟಿಯಾಗಿತ್ತೆಂದರೆ ಸಾವಕ್ಕನ ಮನೆಯ ಸಾರಿನಲ್ಲಿ ಅದನ್ನು ಹುಡುಕಿ ತೆಗೆಯಬೇಕು. ಅದೇ ಗಿರಣಿಯ ಕಟ್ಟೆಯ ಮೇಲೆ ಕೂತು ಸಾವಕ್ಕ ಇದನ್ನೆಲ್ಲ ಅಳದೆ, ನಗುತ್ತಲೇ ಹೇಳುತ್ತಿದ್ದರು. ಗುಲ್ಜಾರಬಿ ಕೇಳಿಸಿಕೊಂಡರೋ ಇಲ್ಲವೋ ಎಂಬಂತೆ ಡಬ್ಬಿ ಸರಿಸುತ್ತಿದ್ದರು.

ಆದರೆ ವರ್ಷದೊಳಗೆ ಸಾವಕ್ಕ ಬೇರೆ ಮಾತು ಹೇಳತೊಡಗಿದರು. ದುರ್ಗಾ ಈಗ ರೊಟ್ಟಿಯನ್ನು ಬೇಡಿ ತಿನ್ನುತ್ತಾಳಂತೆ, ಕೆನ್ನೆ ತುಂಬುತ್ತಿದೆಯಂತೆ.

"ನಿನ್ನ ಕಲ್ಲು ಭಾಳ ಛಲೋ ಐತಿ ನೋಡ ಗುಲ್ಜಾರಕ್ಕಾ," ಅಂದರು ಒಂದು ದಿನ. "ಅದ ಕಾಳು, ನಿನ್ನ ಕಲ್ಲಾಗ ಬೀಸಿದ್ರ ರುಚಿನ ಬ್ಯಾರೆ."

"ಕಲ್ಲು ಯಜಮಾನ್ರದ್ದು," ಎಂದಷ್ಟೇ ಹೇಳಿ ಗುಲ್ಜಾರಬಿ ಪಟ್ಟಾದ ಕಡೆ ತಿರುಗಿದರು.

ಕಲ್ಲು ಅಷ್ಟು ಒಳ್ಳೆಯದಿದ್ದರೆ ಅದರ ಒಡತಿಯ ಮನೆಯಲ್ಲೇ ಯಾಕೆ ಹಾಗೆ ಎಂಬುದು ನನಗೊಂದು ಒಗಟಾಗಿತ್ತು. ಒಮ್ಮೆ ಕರೆಂಟು ಹೋಗಿ, ಎಷ್ಟು ಕರೆದರೂ ಬಾರದೆ, ಮಧ್ಯಾಹ್ನವಾಗಿ, ಗುಲ್ಜಾರಬಿ ನನ್ನನ್ನು ಊಟಕ್ಕೆ ಎಬ್ಬಿಸಿದರು. ಗಿರಣಿಯ ಹಿಂದೆಯೇ ಮನೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಸೇಂಗಾ ಹಿಂಡಿ. ಎರಡನೇ ತುತ್ತಿಗೆ ನನ್ನ ದವಡೆಯಲ್ಲಿ ಕಟ್ ಅಂತು. ಶಾನವಾಜ ತಲೆ ಎತ್ತದೆ, ನಮ್ಮ ಮನೆಯಲ್ಲಿ ಮೆಲ್ಲಗೆ ಅಗಿಯಬೇಕು ಎಂದ. ಊರಿಗೆಲ್ಲ ನುಣ್ಣಗೆ ಬೀಸಿಕೊಡುವ ತಾಯಿ ತಮ್ಮ ಮನೆಗೆ ಮಾತ್ರ ಹರಳು ಬೀಸುತ್ತಾರೆ, ತನಗೆ ಗ್ಯಾರೇಜಿನಲ್ಲೂ ಮನೆಯಲ್ಲೂ ಬೇರಿಂಗಿನದೇ ಸಪ್ಪಳ ಎಂದು ಆಡಿಕೊಂಡ. ಗುಲ್ಜಾರಬಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಚಮ್ಮಾರನ ಹೆಂಡತಿಗೆ ಚಪ್ಪಲಿ ಇಲ್ಲದ ಹಾಗೆ ಇದೂ ಒಂದು ಇರಬಹುದು ಅಂದುಕೊಂಡು ನಾನೂ ಮೆಲ್ಲಗೆ ಅಗಿದೆ.

ಇಲ್ಲಿ ಸಿದ್ಧಾರೂಢಪ್ಪನವರು ಬರಬೇಕು. ಅವರು ನಿವೃತ್ತರಾಗಿ ನಮ್ಮ ಲೇಔಟಿನಲ್ಲಿ ಮನೆ ಕಟ್ಟಿಸಿದ್ದರು. ನೌಕರಿಯುದ್ದಕ್ಕೂ ತೂಕ, ಅಳತೆಗಳ ಇನ್ಸ್‌ಪೆಕ್ಟರು. ಅಂಗಡಿಯವರ ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣು ಹಿಡಿಯುವುದರಲ್ಲಿ ಹೆಸರುವಾಸಿ. ಅಕ್ಷರಶಃ ತೂಕದ ಮನುಷ್ಯ. ಲಂಚ ಮುಟ್ಟಿದವರಲ್ಲ, ಬಿಟ್ಟುಕೊಟ್ಟವರೂ ಅಲ್ಲ. ಶಿರಗುಪ್ಪಿಯಲ್ಲಿ ಅವರಿಗೆ ಕರಿಮಣ್ಣಿನ ಹೊಲ. ಅದನ್ನು ಮಾಡುತ್ತಿದ್ದ ಮೈಲಾರಪ್ಪ ಎಂಬ ರೈತ ಸುತ್ತಲಿನವರೆಲ್ಲ ಹತ್ತಿಗೆ ಹೊರಳಿದರೂ ಹಿಂಗಾರಿಗೆ ಕಡಲೆ ಬಿಡಲಿಲ್ಲ. ಆ ಕಡಲೆಯ ಬೇಳೆ ರವಿವಾರ ಗುಲ್ಜಾರಬಿಯವರ ಗಿರಣಿಗೆ ಬರುತ್ತಿತ್ತು. ವಾರವೆಲ್ಲ ಅವರ ಮನೆಯಲ್ಲಿ ಝುಣಕ, ಸಂಜೆ ಬಜ್ಜಿ. ಆ ಬಜ್ಜಿಯ ಗರಿಗರಿ ಲೇಔಟಿನಲ್ಲೆಲ್ಲ ಪ್ರಸಿದ್ಧ. ಅವರ ಹೆಂಡತಿ ಅದನ್ನು ಕೈಗುಣ ಎಂದು ನಂಬಿದ್ದರು. ಯಾರೂ ಸಂಶಯಪಡಲಿಲ್ಲ.

ಬಂದು ಒಂದೆರಡು ವರ್ಷಕ್ಕೆ ಸಿದ್ಧಾರೂಢಪ್ಪನವರು ಚೀಲದಲ್ಲಿ ತಮ್ಮ ಹಳೆಯ ಸ್ಪ್ರಿಂಗ್ ತಕ್ಕಡಿ ತರತೊಡಗಿದರು. ಬೀಸುವ ಮೊದಲು ಬೇಳೆ ತೂಗುವುದು, ಬೀಸಿದ ಮೇಲೆ ಹಿಟ್ಟು ತೂಗುವುದು. ಕಡಿಮೆ ಬಂತು ಅಂತ ಹುಬ್ಬು ಗಂಟಿಕ್ಕುವುದು. ಬಿಸಿಗೆ ಒಣಗುತ್ತದೆ, ಗಾಳಿಗೆ ಹಾರುತ್ತದೆ ಎಂಬುದು ಅವರಿಗೂ ಗೊತ್ತು. ಅಷ್ಟನ್ನು ಅವರು ಕಾಯಿದೆಯ ಪ್ರಕಾರವೇ ಬಿಟ್ಟುಕೊಟ್ಟಿದ್ದರು. ಉಳಿದದ್ದು ಎಲ್ಲಿ ಹೋಯಿತು ಎಂದು ನೋಡುತ್ತ ಕೆಲವು ರವಿವಾರ ಕಟ್ಟೆಯ ಮೇಲೆ ಕೂತರು. ಕೂತು ಕಂಡುಕೊಂಡರು.

ಆ ದಿನ ಗಿರಣಿ ತುಂಬ ಜನ. ಕಲ್ಲು ತಿರುಗುವಾಗ ಒಳಗೆ ಮಾತಾಡಬೇಕೆಂದರೆ ಕೂಗಬೇಕು, ಕೂಗಿದರೂ ಪಕ್ಕದವರಿಗಷ್ಟೇ ಕೇಳುತ್ತದೆ. ಹಾಗಾಗಿ ಗಿರಣಿ ಎಂಬುದು ಗುಟ್ಟಿನ ಮಾತಿಗೆ ಬಲು ಅನುಕೂಲದ ಜಾಗ. ಸಿದ್ಧಾರೂಢಪ್ಪನವರು ಸಭ್ಯರು. ನಾಲ್ಕು ಮಂದಿಯ ಮುಂದೆ ಮಾನ ಕಳೆಯುವ ಉದ್ದೇಶ ಅವರಿಗೆ ಇರಲಿಲ್ಲ. ಕಲ್ಲು ಭರಾಟೆಯಲ್ಲಿ ಇರುವಾಗಲೇ ಗುಲ್ಜಾರಬಿಯವರ ಹತ್ತಿರ ಹೋಗಿ, ಗಂಟಲು ಹರಿಯುವಂತೆ, ಗುಟ್ಟಾಗಿ ಕೇಳಿದರು. ಅವರು ಬಾಯಿ ತೆರೆದ ಹೊತ್ತಿಗೇ ಕರೆಂಟು ಹೋಯಿತು. ಪಟ್ಟಾ ನಿಂತಿತು, ಕಲ್ಲು ನಿಂತಿತು, ಸಿದ್ಧಾರೂಢಪ್ಪನವರು ನಿಲ್ಲಲಿಲ್ಲ.

"ನನ್ನ ಕಡ್ಲಿ ಹಿಂದ ಯಾವಾಗ್ಲೂ ಆ ಸಾವಕ್ಕನ ಡಬ್ಬೀನ ಯಾಕ ಇರ್ತೈತ್ರಿ? ನನ್ನ ಹಿಟ್ಟು ಆಕೀಗೆ ಯಾಕ ಹೋಗಬೇಕು?"

ಓಣಿಯ ತುದಿಯವರೆಗೆ ಕೇಳಿತು. ತಗಡಿನ ಮೇಲೆ ಕೂತ ಪಾರಿವಾಳಗಳು ಎದ್ದು ಹಾರಿದವು. ಸಿದ್ಧಾರೂಢಪ್ಪನವರಿಗೇ ತಮ್ಮ ದನಿ ಗುರುತು ಸಿಗಲಿಲ್ಲ. ಸುತ್ತ ನೋಡಿದರು. ಸಾವಕ್ಕ ಬಾಗಿಲಲ್ಲೇ ನಿಂತಿದ್ದರು.

ಗುಲ್ಜಾರಬಿಗೆ ಸುಳ್ಳು ಹೇಳಲು ಬೇಕಾದಷ್ಟು ದಾರಿಗಳಿದ್ದವು. ಕಡಲೆಯ ಹಿಂದೆ ನಿಲ್ಲಲು ಬೇರೆ ಯಾರೂ ಒಪ್ಪುವುದಿಲ್ಲ ಎಂದಿದ್ದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವರು ಕೈ ಒರೆಸಿಕೊಂಡು ಹೇಳಿದರು:

"ನಾನ ಇಡ್ತೇನ್ರಿ ಸಾಹೇಬ್ರ. ಬೇಕಂತ ಇಡ್ತೇನಿ. ಆ ಕೂಸಿನ ಮೈಗೆ ಕಾಳಿನ ಹಿಟ್ಟು ಬೇಕಾಗಿತ್ತು. ನಾ ಒಂದ ಚಿಟಿಕಿ ಮನಿಗೆ ಒಯ್ದಿಲ್ಲ. ಆದ್ರ ನಿಮ್ಮ ಮಾತು ಖರೇ ಐತಿ. ಹಿಟ್ಟು ನಿಮ್ದು, ಕೇಳದ ಕೊಟ್ಟದ್ದು ನಾನು."

ಸಾವಕ್ಕ ಒಳಗೆ ಬಂದು, ಪಾಳಿಯಲ್ಲಿದ್ದ ತಮ್ಮ ಡಬ್ಬಿಯನ್ನು ಎತ್ತಿಕೊಂಡರು. ಇನ್ನೂ ಬೀಸಿರಲಿಲ್ಲ.

"ನಾ ನಿನ್ನ ಬೇಡಿದ್ನೇನ ಗುಲ್ಜಾರಕ್ಕಾ?" ಅಂದರು. "ಕಲ್ಲು ಛಲೋ ಐತಿ ಅಂತ ಊರಿಗೆಲ್ಲ ಹೇಳಕೋತ ಅಡ್ಡಾಡಿದೆ. ನೀ ಒಳಗೊಳಗ ನಕ್ಕಿರ್ತಿ."

ತಲೆಯ ಮೇಲೆ ಸಿಂಬೆ ಇಟ್ಟು, ಡಬ್ಬಿ ಹೊತ್ತು ಹೊರಟೇಬಿಟ್ಟರು. ಗುಲ್ಜಾರಬಿ ಬಾಗಿಲವರೆಗೆ ಹೋದರು. ಮುಂದೆ ಹೋಗಲಿಲ್ಲ.

ಮರುದಿನದಿಂದ ಗಿರಣಿಯಲ್ಲಿ ಹೊಸ ಕಾಯಿದೆ ಬಂತು. ಮೊದಲು ಬಂದವರಿಗೆ ಮೊದಲು. ಗುಲ್ಜಾರಬಿ ಯಾರ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ, ಯಾವುದನ್ನೂ ಸರಿಸುತ್ತಿರಲಿಲ್ಲ. ನನ್ನ ಕಾನ್ವೆಂಟಿನ ಸಿಸ್ಟರುಗಳು ಕಂಡಿದ್ದರೆ ಮೆಚ್ಚಿ ಬೆನ್ನು ತಟ್ಟುತ್ತಿದ್ದರು. ಲೇಔಟಿನಲ್ಲಿ ಮಾತ್ರ ಹಾಹಾಕಾರ. ನಮ್ಮ ಮನೆಯ ಚಪಾತಿ ತಾಟಿಗೆ ಬರುವಷ್ಟರಲ್ಲಿ ನಾಲ್ಕು ತುಂಡು. ಮಂಗಳೂರಿನ ಕಡೆಯಿಂದ ಬಂದ ಬ್ಯಾಂಕಿನವರ ಮನೆಯ ಇಡ್ಲಿ ಹಳದಿ. ಸಿದ್ಧಾರೂಢಪ್ಪನವರ ಮನೆಯ ಬಜ್ಜಿ ಮೆತ್ತಗಾಗಿ ಎಣ್ಣೆ ಕುಡಿದು ಮಲಗಿತು. ಆಗ ಲೇಔಟಿಗೆ ತಿಳಿದದ್ದು ಇಷ್ಟು: ಇಷ್ಟು ವರ್ಷ ಅವರ ಕಡಲೆಯ ಮುಂದೆ ಗುಲ್ಜಾರಬಿ ತಪ್ಪದೆ ಇಡುತ್ತಿದ್ದದ್ದು ಬ್ಯಾಂಕಿನವರ ಅಕ್ಕಿಯ ಡಬ್ಬಿ. ಒಂದು ಬೊಗಸೆ ಅಕ್ಕಿಹಿಟ್ಟು ಬಿದ್ದರೆ ಬಜ್ಜಿ ಗರಿಗರಿ. ಅವರ ಹೆಂಡತಿಯ ಕೈಗುಣದ ಊರು ಮಂಗಳೂರಿನ ಕಡೆಗಿತ್ತು.

ನಗುವವರು ನಕ್ಕರು. ಗುಲ್ಜಾರಬಿ ನಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ, ಸಾವಕ್ಕನ ಡಬ್ಬಿ ಮತ್ತೆ ಆ ಪಾಳಿಯಲ್ಲಿ ಇರುವುದು. ಸಾವಕ್ಕ ಈಗ ಉಣಕಲ್ಲಿನ ಕಡೆಯ ಬೇರೆ ಗಿರಣಿಯೊಂದಕ್ಕೆ ಅಷ್ಟು ದೂರ ಹೊತ್ತುಕೊಂಡು ಹೋಗುತ್ತಿದ್ದರು. ರವಿವಾರ ಯಾರಾದರೂ ಬಾಗಿಲಲ್ಲಿ ನೆರಳಾದರೆ ಗುಲ್ಜಾರಬಿ ಕತ್ತೆತ್ತಿ ನೋಡಿ ಮತ್ತೆ ಬಗ್ಗುವುದನ್ನು ನಾನು ಎಷ್ಟೋ ಸಲ ಕಂಡೆ. ಸುಖವಾಗಿದ್ದವನು ಶಾನವಾಜ ಒಬ್ಬನೇ. ಈಚೆಗೆ ಮನೆಯ ರೊಟ್ಟಿಯಲ್ಲಿ ಹರಳೇ ಇಲ್ಲ, ತಾಯಿಗೆ ಕಡೆಗೂ ಬೀಸುವುದು ಬಂತು ಎಂದು ನನಗೆ ವರದಿ ಒಪ್ಪಿಸಿದ. ಆದರೆ ತಾಯಿಯೇ ಯಾಕೋ ಸರಿಯಾಗಿ ಉಣ್ಣುತ್ತಿಲ್ಲ ಎಂದೂ ಸೇರಿಸಿದ.

ದೀಪಾವಳಿ ಕಳೆಯಿತು. ಅಂಗನವಾಡಿಯ ತಕ್ಕಡಿಯ ಮುಳ್ಳು ಒಂದೇ ಕಡೆ ಅಂಟಿ ನಿಂತಿದೆ, ಎಲ್ಲ ಮಕ್ಕಳೂ ಒಂದೇ ತೂಕ ತೂಗುತ್ತಿದ್ದಾರೆ ಎಂಬ ಸುದ್ದಿ ಸಿದ್ಧಾರೂಢಪ್ಪನವರ ಕಿವಿಗೆ ಬಿತ್ತು. ತಪ್ಪು ತೂಗುವ ತಕ್ಕಡಿ ಊರಿನಲ್ಲಿದೆ ಎಂದು ತಿಳಿದ ಮೇಲೆ ಆ ಮನುಷ್ಯನಿಗೆ ನಿದ್ರೆ ಬರುವುದಿಲ್ಲ. ಯಾರೂ ಕರೆಯದಿದ್ದರೂ ಹೋಗಿ, ಅದನ್ನು ಬಿಚ್ಚಿ, ಎಣ್ಣೆ ಹಾಕಿ, ತಮ್ಮ ಸ್ಪ್ರಿಂಗ್ ತಕ್ಕಡಿಯ ಜೊತೆ ತಾಳೆ ನೋಡಿದರು. ಪರೀಕ್ಷೆಗೆ ಒಂದು ಕೂಸು ಬೇಕಾಗಿತ್ತು. ಬಾಯಿಯವರು ಕೈಗೆ ಸಿಕ್ಕ ಕೂಸನ್ನು ಜೋಳಿಗೆಯಲ್ಲಿ ಕೂರಿಸಿದರು. ಮುಳ್ಳು ನಿಂತ ಕಡೆ ನೋಡಿ ನಿಟ್ಟುಸಿರಿಟ್ಟರು. ಹೋದ ವರ್ಷ ಚೆನ್ನಾಗಿ ಏರುತ್ತಿತ್ತು, ಈಗ ಮೂರು ತಿಂಗಳಿಂದ ಏರಿಲ್ಲ, ತಕ್ಕಡಿಯ ತಪ್ಪು ಅಂದುಕೊಂಡಿದ್ದೆ, ತಕ್ಕಡಿಯದಲ್ಲ ಎಂದರು. ಯಾರ ಕೂಸು ಎಂದು ಸಿದ್ಧಾರೂಢಪ್ಪನವರು ಕೇಳಿದರು. ಜೋಳಿಗೆಯಲ್ಲಿ ಕೂತ ಕೂಸು ತಾನೇ ಹೇಳಿತು, ಸಾವಕ್ಕನ ದುರ್ಗಾ ಅಂತ.

ಅವರು ಅಲ್ಲಿಂದ ನೇರ ಗಿರಣಿಗೆ ಬಂದರು. ಈ ಸಲ ಕಲ್ಲು ನಿಲ್ಲುವುದನ್ನು ಕಾದು, ಜನ ಹೋಗುವುದನ್ನು ಕಾದು, ಮೆಲ್ಲಗೆ ಮಾತಾಡಿದರು. ನಾನು ಡಬ್ಬಿ ಕಟ್ಟುವ ನೆಪದಲ್ಲಿ ಅಲ್ಲೇ ಇದ್ದೆ.

"ಗುಲ್ಜಾರಬಿ, ನಮ್ಮ ಡಬ್ಬಿ ಹಿಂದ ನೀವು ಯಾರನ್ನ ಇಡ್ತೀರಿ ಇಡ್ರಿ. ನಾ ಹೊಳ್ಳಿ ನೋಡಂಗಿಲ್ಲ."

ಅಷ್ಟೇ. ಕ್ಷಮೆ ಗಿಮೆ ಏನಿಲ್ಲ. ಸಿದ್ಧಾರೂಢಪ್ಪನವರು ಇದ್ದಷ್ಟೇ ತೂಗುವವರು, ಮೇಲೊಂದು ಹಿಡಿ ಹಾಕುವ ಅಭ್ಯಾಸ ಅವರಿಗಿಲ್ಲ. ಗುಲ್ಜಾರಬಿ ಅಂಥ ಮನುಷ್ಯನ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು ಅನ್ನುವ ಹಾಗೆ ತಲೆಯಾಡಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ಸ್ಕೂಟರು ತಂದಿದ್ದೀರಾ ಎಂದು ಕೇಳಿದರು.

ಹೀಗೆ ಹಿಟ್ಟು ಮೆತ್ತಿದ ಗುಲ್ಜಾರಬಿಯವರನ್ನು ಹಿಂದೆ ಕೂರಿಸಿಕೊಂಡು ನಾನು ಅಮರಗೋಳದ ದಾರಿ ಹಿಡಿದೆ. ದಾರಿಯುದ್ದಕ್ಕೂ ಹಿಟ್ಟು ಹಾರಿ, ನಾವಿಬ್ಬರೂ ಹೊಗೆ ಬಿಡುವ ಹಳೆಯ ಲಾರಿಯ ಹಾಗೆ ಹೋದೆವು. ಸಾವಕ್ಕನ ಮನೆ ರೈಲು ಹಳಿಯ ಮಗ್ಗುಲಿನ ಸಾಲಿನಲ್ಲಿ ಒಂದು ಖೋಲಿ. ಸಾವಕ್ಕ ಹೊರಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಮ್ಮನ್ನು ಕಂಡು ಎದ್ದೇಳಲಿಲ್ಲ, ಹೋಗಿರಿ ಎಂದೂ ಹೇಳಲಿಲ್ಲ. ಬಡಿಯುವ ಸಪ್ಪಳ ಮಾತ್ರ ಸ್ವಲ್ಪ ಜೋರಾಯಿತು. ದುರ್ಗಾ ಒಂದು ಚಾಪೆ ತಂದು ಹಾಸಿದಳು.

ಗುಲ್ಜಾರಬಿ ಚಾಪೆಯ ಮೇಲೆ ಕೂರದೆ ಒಲೆಯ ಹತ್ತಿರವೇ ಕೂತರು. ಸಾಹೇಬರು ಒಪ್ಪಿದ್ದಾರೆ, ಗಿರಣಿಗೆ ಬಾ ಎಂದರು. ಸಾವಕ್ಕ ಬೇಡ ಎಂದರು. ಮಂದಿ ಹಿಟ್ಟು ತಿಂದು ನನ್ನ ಮೊಮ್ಮಗಳು ಬೆಳೆಯಬೇಕಾಗಿಲ್ಲ, ದುಡಿಯುವ ಕೈ ಇನ್ನೂ ಗಟ್ಟಿ ಇದೆ ಎಂದರು.

"ಮಂದಿ ಹಿಟ್ಟು ತಿನ್ನಲಾರದವ್ರು ಯಾರ ಅದಾರ ಸಾವಕ್ಕಾ?" ಗುಲ್ಜಾರಬಿ ಕೇಳಿದರು. "ಸಾಹೇಬ್ರ ಬಜ್ಜ್ಯಾಗ ಬ್ಯಾಂಕಿನವರ ಅಕ್ಕಿ ಇತ್ತು. ಇವರ ಚಪಾತ್ಯಾಗ ಯಾರ್‍ದ ಗೋದಿ ಇರ್ತೈತೋ ಇವ್ರಿಗೆ ಗೊತ್ತಿಲ್ಲ." ಇವರು ಅಂದರೆ ನಾನು. "ಕಲ್ಲು ಎಲ್ಲಾರ ಕಡೆ ಇಸ್ಕೋತೈತಿ, ಎಲ್ಲಾರ್‍ಗೂ ಕೊಡ್ತೈತಿ. ನಿನ್ನ ಹಿಟ್ಟೂ ಒಂದ ಬೊಗಸಿ ನಿನ್ನ ಹಿಂದಿನವರಿಗೆ ಹೋಗೇತಿ. ನೀನೂ ಕೊಟ್ಟಾಕೀನ."

ಸಾವಕ್ಕ ನಕ್ಕರು. ಒಳ್ಳೆಯ ನಗು ಅಲ್ಲ. "ನನ್ನ ಹಿಂದ ಯಾರ ನಿಂದರ್ತಾರ? ಯಾರ್ಡಿನ ಕಸಬರಗಿ ಕಾಳು ನಂದು. ಅದರಾಗಿನ ಹರಳು ಯಾವ ಪುಣ್ಯವಂತ್ರಿಗೆ ಬೇಕಾಗ್ಯಾವ?"

ಗುಲ್ಜಾರಬಿ ಒಲೆಯೊಳಗೆ ಕಟ್ಟಿಗೆ ಮುಂದೆ ಸರಿಸಿದರು. ಮನೆಯವರ ಒಲೆಗೆ ಹೊರಗಿನವರು ಹಾಗೆ ಕೈ ಹಾಕುವುದಿಲ್ಲ, ತೀರ ಹತ್ತಿರದವರು ಮಾತ್ರ ಹಾಕುತ್ತಾರೆ.

"ನಂದೈತಿ ಡಬ್ಬಿ," ಅಂದರು. "ನಿನ್ನ ಹಿಂದ."

ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಸಾವಕ್ಕ ಅದನ್ನು ತಿರುವಲಿಲ್ಲ. ನನ್ನ ದವಡೆಗೆ ಆ ಮಧ್ಯಾಹ್ನದ ಕಟ್ ನೆನಪಾಯಿತು. ಬೇರೆ ಯಾರ ಡಬ್ಬಿಯನ್ನು ಆ ಜಾಗದಲ್ಲಿ ಇಟ್ಟಿದ್ದರೂ ಮರುವಾರ ಜಗಳ, ಜಗಳದಲ್ಲಿ ಸಾವಕ್ಕನ ಮಾನ. ಆದ್ದರಿಂದ ಆ ಜಾಗಕ್ಕೆ ಗುಲ್ಜಾರಬಿ ತಮ್ಮ ಮನೆಯ ಜೋಳವನ್ನೇ ತಂದು ನಿಲ್ಲಿಸಿದ್ದರು, ಪ್ರತಿ ರವಿವಾರ. ಇಷ್ಟು ಸರಳವಾದದ್ದು ಕಟ್ಟೆಯ ಮೇಲೆ ಕೂತಿದ್ದ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಾವೆಲ್ಲ ನಮ್ಮ ಮುಂದಿನ ಡಬ್ಬಿ ನೋಡುವವರು.

"ಇಷ್ಟ ದಿನಾ ಹರಳು ತಿಂದ್ಯೇನವಾ?" ಸಾವಕ್ಕನ ದನಿ ಸಣ್ಣದಾಗಿತ್ತು.

"ಹಲ್ಲು ಇನ್ನೂ ಅದಾವ," ಎಂದು ಗುಲ್ಜಾರಬಿ ತೋರಿಸಿದರು. "ರೊಟ್ಟಿ ಹೊತ್ತಾಕತ್ತೈತಿ ನೋಡು."

ಹೊತ್ತಿದ್ದ ಆ ರೊಟ್ಟಿಯನ್ನೇ ನಾಲ್ವರೂ ಹಂಚಿಕೊಂಡು ತಿಂದೆವು. ಬರುತ್ತೇನೆ ಎಂದು ಸಾವಕ್ಕ ಹೇಳಲಿಲ್ಲ. ಗುಲ್ಜಾರಬಿ ಮತ್ತೆ ಕೇಳಲೂ ಇಲ್ಲ.

ಆ ವಾರ ಯಾವುದೋ ಕೆಲಸಕ್ಕೆ ನಾನು ಯಾರ್ಡಿಗೆ ಹೋಗಿದ್ದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ಗೋದಾಮಿನ ನೆರಳಿನಲ್ಲಿ ಮಲಗಿದ್ದರು. ಸಾವಕ್ಕ ಒಬ್ಬರೇ ಬಿಸಿಲಿನಲ್ಲಿ, ಗೋಡೆಯ ಪಕ್ಕ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಾಳು ಹಸನು ಮಾಡುತ್ತಿದ್ದರು. ನೆರಳಿನಲ್ಲಿ ಹರಳು ಸರಿಯಾಗಿ ಕಾಣುವುದಿಲ್ಲ. ಕೇರಿ, ಒನೆದು, ಮತ್ತೆ ಹರವಿ, ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಆರಿಸಿ ಎಸೆಯುತ್ತಿದ್ದರು. ಇಷ್ಟು ವರ್ಷ ಅವರಿಗೆ ಹೊತ್ತು ಇರಲಿಲ್ಲ. ತಮ್ಮ ಬಾಯಿಗಾಗಿ ಅಷ್ಟು ಹೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ರವಿವಾರ ಡಬ್ಬಿ ಬಂತು. ಗುಲ್ಜಾರಬಿ ಮುಚ್ಚಳ ತೆಗೆದರು, ಕೈಯಾಡಿಸಿದರು, ಕೈ ಒಳಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಡಬ್ಬಿಯನ್ನು ಅದರ ಜಾಗಕ್ಕೆ ಸರಿಸಿದರು. ಅಕ್ಕಿ, ಕಡಲೆ, ಸಾವಕ್ಕ, ಗುಲ್ಜಾರಬಿ. ಸಿದ್ಧಾರೂಢಪ್ಪನವರು ಕಟ್ಟೆಯ ಮೇಲೆ ಕೂತು, ಕೊಟ್ಟ ಮಾತಿನಂತೆ, ಹೊಳ್ಳಿ ನೋಡದೆ ಪೇಪರು ಓದಿದರು. ಪೇಪರು ತಲೆಕೆಳಗಾಗಿತ್ತು ಎಂದು ನಾನು ಬರೆದರೆ ನೀವು ನಂಬಬಾರದು, ನೆಟ್ಟಗೇ ಇತ್ತು. ಸ್ಪ್ರಿಂಗ್ ತಕ್ಕಡಿ ಮಾತ್ರ ಮತ್ತೆ ಗಿರಣಿಗೆ ಬರಲಿಲ್ಲ. ಅದನ್ನು ಅವರು ಅಂಗನವಾಡಿಗೆ ಕೊಟ್ಟಿದ್ದರು.

ಆಮೇಲಿನ ವರ್ಷಗಳಲ್ಲಿ ಬಹಳ ಬದಲಾಯಿತು. ಲೇಔಟಿನ ಆಚೆಗಿದ್ದ ಜೋಳದ ಹೊಲಗಳಲ್ಲಿ ಮನೆಗಳು ಎದ್ದವು. ರೇಷನ್ ಅಕ್ಕಿ ಅಗ್ಗವಾಗಿ, ಬಿಳಿಜೋಳ ತುಟ್ಟಿಯಾಗಿ, ಬಡವರ ರೊಟ್ಟಿ ಖಾನಾವಳಿಯಲ್ಲಿ ಶ್ರೀಮಂತರ ತಾಟು ಸೇರಿತು. ಪಾಕೀಟಿನ ಹಿಟ್ಟು ಬಂತು. ಅದಕ್ಕೆ ಮುಂದಿನವರೂ ಇಲ್ಲ, ಹಿಂದಿನವರೂ ಇಲ್ಲ. ಶಾನವಾಜ ತನ್ನ ಸ್ವಂತ ಗ್ಯಾರೇಜು ಹಾಕಿದ ಮೇಲೆ ತಾಯಿಗೆ ಒಂದು ಹೊಸ ಮಶೀನು ತಂದುಕೊಟ್ಟ. ಅದರೊಳಗೆ ಒಂದು ಚಿಟಿಕೆಯೂ ಉಳಿಯುವುದಿಲ್ಲ, ಯಾರದು ಅವರಿಗೆ. ಗುಲ್ಜಾರಬಿ ಅದನ್ನು ಅವಸರದ ಗಿರಾಕಿಗಳಿಗೆ ಇಟ್ಟರು. ಕಲ್ಲನ್ನು ತೆಗೆಯಲಿಲ್ಲ. ದುರ್ಗಾ ಶಾಲೆಯ ಖೋಖೋ ತಂಡದಲ್ಲಿ ಹಿಡಿಯಲಾರದಂತೆ ಓಡಿದಳು. ಅವಳ ಹಿಂದೆ ಯಾರು ಎಂಬುದು ಆ ಆಟದಲ್ಲಿ ಮಾತ್ರ ಮುಖ್ಯವಾಯಿತು.

ಆದರೆ ನಾನು ಹೇಳದೆ ಉಳಿಸಿಕೊಂಡದ್ದು ಆ ಮೊದಲ ರವಿವಾರದ ಊಟ. ಸಾವಕ್ಕನ ಡಬ್ಬಿ ಮರಳಿ ಬಂದದ್ದನ್ನು ಕಂಡ ಶಾನವಾಜನಿಗೆ ಆ ಹೊತ್ತಿಗೆ ವಿಷಯ ತಿಳಿದಿತ್ತು, ನಾನೇ ಹೇಳಿದ್ದೆ. ತಾಯಿಯ ಮೇಲೆ ಅಭಿಮಾನ ಬೇರೆ, ಹಲ್ಲಿನ ಮೇಲೆ ಅಭಿಮಾನ ಬೇರೆ. ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡು ಊಟಕ್ಕೆ ಕೂತ. ಅದೇ ದಿನ ಬೀಸಿದ ಹಿಟ್ಟಿನ ರೊಟ್ಟಿ. ಒಂದು ತುಂಡು ಮುರಿದು, ಪಲ್ಲೆ ಹಚ್ಚಿ, ಬಾಯಿಗಿಟ್ಟು, ಒಂದೇ ಬದಿಯ ಹಲ್ಲಿನಿಂದ ಮೆಲ್ಲಗೆ ಅಗಿದ. ನಿಲ್ಲಿಸಿದ. ಮತ್ತೆ ಅಗಿದ. ಇನ್ನೊಂದು ತುಂಡು ಮುರಿದ. ನಾನೂ ಅಗಿದೆ. ಏನೂ ಇಲ್ಲ.

"ಅಮ್ಮಿ, ಕಲ್ಲು ಬದಲಿ ಮಾಡೀಯೇನು?" ಅಂದ.

ಗುಲ್ಜಾರಬಿ ತಮ್ಮ ತಾಟಿನ ರೊಟ್ಟಿಯನ್ನು ಬಹಳ ಹೊತ್ತು ಅಗಿಯುತ್ತಿದ್ದರು, ಅಗಿಯುವುದಕ್ಕೆ ಅದರಲ್ಲಿ ಏನೂ ಉಳಿಯದ ಮೇಲೂ.

"ಇಲ್ಲ," ಅಂದರು. "ಅದ ಐತಿ. ಉಣ್ಣು."